ಅಳಿಯನ ದಿಗ್ವಿಜಯ

ಹೊಸದಾಗಿ ಮದುವೆಯಾದವರನ್ನು ಅವರ ಪಾಡಿಗೆ ಬಿಡಕೂಡದೆಂಬ ವಿಷಯದಲ್ಲಿ ಲೋಕದ ಎಲ್ಲ ಜನಾಂಗಗಳಿಗೂ ಒಮ್ಮತವಿರುವಂತೆ ತೋರುತ್ತದೆ. ಪಶ್ಚಿಮದವರು ಅವರನ್ನು ಹಡಗು ರೈಲುಗಳಲ್ಲಿ ಕುಳ್ಳಿರಿಸಿ ಪರದೇಶಕ್ಕೆ ಅಟ್ಟುವುದನ್ನು ರೂಢಿಸಿಕೊಂಡರು. ನಮ್ಮ ತುಳುನಾಡಿನವರಾದರೋ ಅಷ್ಟು ಶ್ರಮಕ್ಕೆ ಕೈಹಾಕದೆ, ಮಿಜಾರಿನಿಂದ ತೋಡಾರಿಗೆ, ಮರುದಿನ ಎಡಪದವಿಗೆ, ಅದರಾಚೆಯ ದಿನ ಬಂಟ್ವಾಳ ಬೆಳ್ತಂಗಡಿಗಳ ಒಳನಾಡಿಗೆ, ಹೀಗೆ ನೆಂಟರು ಎಲ್ಲೆಲ್ಲಿ ಹರಡಿಕೊಂಡಿದ್ದಾರೆಯೋ ಅಲ್ಲಲ್ಲಿಗೆಲ್ಲ ಬರಮಾಡಿಕೊಂಡು ‘ತಮ್ಮನ’ವೆಂಬ ಔತಣದ ಊಟಕ್ಕೆ ಕುಳ್ಳಿರಿಸಿದರು. ಒಂದು ಮನೆಯಲ್ಲಿ ಕೋರಿರೊಟ್ಟಿ, ಇನ್ನೊಂದರಲ್ಲಿ ನೀರುದೋಸೆಯೊಡನೆ ಕೋಳಿಸುಕ್ಕ, ಮೂರನೆಯದರಲ್ಲಿ, ಮೊದಲೆರಡು ಮನೆಗಳ ಸಮಾಚಾರ ಅಷ್ಟರಲ್ಲಾಗಲೇ ತಲುಪಿರುತ್ತಿದ್ದುದರಿಂದ, ಎರಡೂ. ಊಟಕ್ಕೆ ಮುನ್ನ ವಂಶಾವಳಿಯ ಪಠಣ, ಊಟದ ತರುವಾಯ ತೋಟದ ದರ್ಶನ. ಒಬ್ಬರ ಮನೆಯಲ್ಲಿ ಉಂಡು ಅವರ ನೆರೆಯ ದಾಯಾದಿಯ ಮನೆಯನ್ನು ಬಿಟ್ಟು ಬಂದರೆ ಉಂಟಾಗುವ ಮನಸ್ತಾಪವು ಮುಂದಿನ ತಲೆಮಾರಿನ ಮದುವೆಯವರೆಗೂ ಬಾಳಿಕೆ ಬರುವಂಥದು. ಈ ಯಾತ್ರೆ ಮುಗಿಯುವ ವೇಳೆಗೆ ವಧೂವರರು ತಮ್ಮತಮ್ಮೊಳಗೆ ಆಡಿಕೊಂಡ ಮಾತು, ‘ಇನ್ನು ಎಷ್ಟು ಮನೆ ಉಂಟು?’ ಎಂಬುದೊಂದೇ ಆಗಿರುತ್ತಿತ್ತು.

ಈ ಬಂಧುಮಂಡಲದಿಂದ ಪಾರಾಗುವ ಸನ್ನಾಹವನ್ನು ನನ್ನ ಅಕ್ಕನ ಮಗನು ನಿಶ್ಚಿತಾರ್ಥದ ಮಾರನೆಯ ದಿನವೇ ಆರಂಭಿಸಿದನು. ಅವನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗಿ. ಯಾವ ಸಂಗತಿಯನ್ನಾದರೂ ಅಡ್ಡಸಾಲು ಉದ್ದಸಾಲುಗಳಲ್ಲಿ ತುಂಬಿ ನೋಡದ ಹೊರತು ಅದು ನಡೆದೀತೆಂಬ ನಂಬಿಕೆ ಅವನಿಗಿಲ್ಲ. ಅಳಿಯಕಟ್ಟಿನ ಕುಟುಂಬಗಳಲ್ಲಿ ಸೋದರಮಾವನಿಗೆ ಸಲ್ಲುತ್ತಿದ್ದ ಅಧಿಕಾರವನ್ನು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಬಹುಮಟ್ಟಿಗೆ ಮೊಟಕುಗೊಳಿಸಿತಾದರೂ, ಅವನ ಅಭಿಪ್ರಾಯವನ್ನು ಕೇಳುವ, ಕೇಳಿದ ಮೇಲೆ ತಮಗೆ ತೋರಿದಂತೆ ನಡೆದುಕೊಳ್ಳುವ ಸಂಪ್ರದಾಯಕ್ಕೆ ಅದು ಕೈಹಚ್ಚಿಲ್ಲವಾದ ಕಾರಣ, ಅಳಿಯನು ಒಂದು ಸಂಜೆ ಲ್ಯಾಪ್‌ಟಾಪನ್ನು ಹೊತ್ತು ಬಂದು ನಮ್ಮ ಚಾವಡಿಯಲ್ಲಿ ಕುಳಿತನು. ಯುರೋಪು ಖಂಡದ ವಿಷಯದಲ್ಲಿ ನನಗಿರುವ ಪಾಂಡಿತ್ಯವು ಕಾರಂತರ ‘ಅಪೂರ್ವ ಪಶ್ಚಿಮ’ವನ್ನು ಓದಿದ ಅಳತೆಯದು, ಆದರೆ ಸೋದರಮಾವನೆಂಬ ಪದವಿಗೆ ಅಷ್ಟು ಧಾರಾಳವಾಗಿ ಸಾಕೆಂದು ಭಾವಿಸಿ ಕನ್ನಡಕವನ್ನು ಒರೆಸಿಕೊಂಡೆ.

ಆ ಎಕ್ಸೆಲ್ ಹಾಳೆಯನ್ನು ಕಂಡಾಗ, ನಮ್ಮ ಕುಟುಂಬದಲ್ಲಿ ಚಕ್ರವರ್ತಿಯೊಬ್ಬನು ಹುಟ್ಟಿರುವನೆಂದೂ ಅವನನ್ನು ನಾವು ಇದುವರೆಗೆ ಎಂಜಿನಿಯರನೆಂದು ಭ್ರಮಿಸಿದ್ದೆವೆಂದೂ ನನಗೆ ಮನವರಿಕೆಯಾಯಿತು. ಫ್ರಾನ್ಸ್, ಬೆಲ್ಜಿಯಂ, ನೆದರ್ಲೆಂಡ್ಸ್, ಜರ್ಮನಿ, ಸ್ವಿಟ್ಸರ್ಲೆಂಡ್, ಲಿಕ್ಟನ್‌ಸ್ಟೈನ್, ಆಸ್ಟ್ರಿಯಾ, ಇಟಲಿ, ಕೊನೆಗೆ ವ್ಯಾಟಿಕನ್: ಒಂಬತ್ತು ದೇಶಗಳು, ಹದಿನೈದು ದಿನಗಳು, ಪ್ರತಿಯೊಂದು ದೇಶಕ್ಕೂ ಒಂದೊಂದು ಬಣ್ಣ. ಒಂದು ಸಾಲನ್ನು ಬೆರಳಿಟ್ಟು ಓದಿದೆ: ‘ಬೆಳಿಗ್ಗೆ 6.10ಕ್ಕೆ ಲೂಸರ್ನ್ ಬಿಡುವುದು, ಮಧ್ಯಾಹ್ನ ವಾಡುಟ್ಸ್, ಕೋಟೆ, ಹೊರಗಿನಿಂದ ಮಾತ್ರ, 40 ನಿಮಿಷ, ರಾತ್ರಿ ಇನ್ಸ್‌ಬ್ರುಕ್’. ವಾಡುಟ್ಸ್ ಎಂಬುದು ಲಿಕ್ಟನ್‌ಸ್ಟೈನಿನ ರಾಜಧಾನಿ. ಆ ದೇಶದ ಒಟ್ಟು ವಿಸ್ತಾರ ಸುಮಾರು 160 ಚದರ ಕಿಲೋಮೀಟರ್. ಕೋಟೆಯಲ್ಲಿ ಅಲ್ಲಿನ ಅರಸುಮನೆತನವೇ ವಾಸವಾಗಿರುವುದರಿಂದ ಹೊರಗಿನವರಿಗೆ ಪ್ರವೇಶವಿಲ್ಲ. ಹಾಗಾದರೆ ಅಲ್ಲಿಗೇಕೆ ಹೋಗುವುದೆಂದು ಕೇಳಿದೆ. ‘ದಾರಿಯಲ್ಲೇ ಉಂಟು ಮಾವ, ಒಂದು ದೇಶ ಹೆಚ್ಚು ಲೆಕ್ಕಕ್ಕೆ ಸಿಗುತ್ತದೆ’ ಎಂದನು.

ಈ ‘ಲೆಕ್ಕಕ್ಕೆ ಸಿಗುವುದು’ ಎಂಬ ಮಾತಿನಲ್ಲಿ ದಿಗ್ವಿಜಯಗಳ ಮರ್ಮವೆಲ್ಲ ಅಡಗಿದೆ. ಆದಿಪುರಾಣದ ಭರತೇಶ್ವರನು ಷಟ್ಖಂಡಗಳನ್ನು ಗೆದ್ದು ವೃಷಭಾಚಲಕ್ಕೆ ಬಂದು, ತನ್ನ ಹೆಸರನ್ನು ಕೆತ್ತಿಸಬೇಕೆಂದು ನೋಡಿದರೆ, ಅವನಿಗಿಂತ ಮೊದಲೇ ಗೆದ್ದುಹೋದ ಚಕ್ರವರ್ತಿಗಳ ಪ್ರಶಸ್ತಿಗಳಿಂದ ಬಂಡೆಯೆಲ್ಲ ತುಂಬಿಹೋಗಿ ಒಂದು ಅಕ್ಷರಕ್ಕೂ ಎಡೆಯಿಲ್ಲದಿದ್ದುದನ್ನು ಕಂಡು ಗರ್ವಭಂಗಹೊಂದಿದನೆಂಬ ಕಥೆಯನ್ನು, ಭರತೇಶವೈಭವವನ್ನು ಬರೆದ ರತ್ನಾಕರವರ್ಣಿಯ ಊರಾದ ಮೂಡುಬಿದಿರೆಯ ನೆರೆಯಲ್ಲಿ ಬಾಳುವ ನಾನು ಅಳಿಯನಿಗೆ ಹೇಳದೆ ಇರುವುದು ಹೇಗೆ? ಹೇಳಿದೆ. ಐಫೆಲ್ ಗೋಪುರದ ಮುಂದೆ ಕೈಚಾಚಿ ನಿಂತ ದಂಪತಿಗಳ ಚಿತ್ರಗಳೂ ಲೋಕದಲ್ಲಿ ಆ ಬಂಡೆಯಂತೆಯೇ ತುಂಬಿರುವುವೆಂದು ಸೂಚಿಸಿದೆ. ಅವನು ಭಕ್ತಿಯಿಂದ ಆಲಿಸಿ, ‘ಭರತ ಕಡೆಗೆ ಏನು ಮಾಡಿದ?’ ಎಂದನು. ‘ಒಬ್ಬನ ಹೆಸರನ್ನು ಅಳಿಸಿ ತನ್ನದನ್ನು ಬರೆಯಿಸಿದ’ ಎಂದು ಸತ್ಯವನ್ನೇ ನುಡಿಯಬೇಕಾಯಿತು. ‘ಮತ್ತೆ!’ ಎಂದು ಅಳಿಯನು ಹಾಳೆಯ ಕಡೆಗೆ ತಿರುಗಿದನು.

ವೇಗವೆಂಬುದು ನಮ್ಮೂರಿಗೆ ಹೊಸದೇನೂ ಅಲ್ಲ. ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ 142.5 ಮೀಟರಿನ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿ ಮುಗಿಸಿದ್ದನ್ನು ಕಂಡು, ಉಸೇನ್ ಬೋಲ್ಟರ ಓಟದೊಡನೆ ತಾಳೆ ಹಾಕಿ ದೇಶವೆಲ್ಲ ಬೆರಗಾದುದನ್ನು ನಾವು ಬಲ್ಲೆವು. ಆದರೆ ಗಂತಿನಲ್ಲಿ ಬಿಟ್ಟ ಕೋಣಗಳು ಮಂಜೊಟ್ಟಿಗೆ ಮುಟ್ಟುವವರೆಗೆ ಕರೆಯ ಇಕ್ಕೆಲದಲ್ಲಿ ನಿಂತವರ ಮುಖವನ್ನು ನೋಡುವುದಿಲ್ಲವಷ್ಟೆ. ಅಳಿಯನ ಹಾಳೆಯಲ್ಲಿಯೂ ಪ್ಯಾರಿಸಿನ ಗಂತಿನಿಂದ ರೋಮಿನ ಮಂಜೊಟ್ಟಿಯವರೆಗೆ ಕೆಸರು ಹಾರುವುದೊಂದೇ ಕಾಣುತ್ತಿತ್ತು.

ಮೊದಲ ವಿಘ್ನವನ್ನು ಒಡ್ಡಿದವಳು ಅಕ್ಕ. ಮದುವೆಯು ಬೇಶ ತಿಂಗಳಿನಲ್ಲಿ, ಪತ್ತನಾಜೆಗೆ ಮುಂಚೆ, ಎಂದರೆ ಮೇ ಇಪ್ಪತ್ತನಾಲ್ಕರ ಸುಮಾರಿಗೆ ಕೋಲ ನೇಮಗಳು ಮುಗಿದು ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುವುದಕ್ಕಿಂತ ಮೊದಲೇ ನಡೆಯತಕ್ಕದ್ದೆಂದು ನಿಶ್ಚಯವಾಗಿತ್ತು. ಜುಲೈ ನಡುವಿನಲ್ಲಿ ಯುರೋಪಿನ ಬೇಸಗೆ ಪ್ರಶಸ್ತವಾಗಿರುವುದರಿಂದ ಪ್ರಯಾಣ ಆಗಲೇ ಎಂದು ಅಳಿಯನು ಗೊತ್ತುಮಾಡಿದ್ದನು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ನಮಗೆ ಆಟಿ. ಹೊಸದಾಗಿ ಮದುವೆಯಾದ ಹೆಣ್ಣು ಆಟಿಯಲ್ಲಿ ತೌರುಮನೆಯಲ್ಲಿ ಕುಳಿತು ಬರತಕ್ಕವಳು.

‘ಯುರೋಪಿನಲ್ಲಿ ಆಟಿ ಇಲ್ಲ ಅಮ್ಮ’ ಎಂದನು ಅಳಿಯ.

‘ಹುಡುಗಿ ಹುಟ್ಟಿದ್ದು ಯುರೋಪಿನಲ್ಲಿ ಅಲ್ಲವಲ್ಲ’ ಎಂದಳು ಅಕ್ಕ.

ಈ ತರ್ಕಕ್ಕೆ ಪ್ರತಿತರ್ಕ ನನಗೂ ಹೊಳೆಯಲಿಲ್ಲ. ಆಟಿ ಕಳೆದರೆ ಸೋಣ, ಹಬ್ಬಗಳ ತಿಂಗಳು. ಕಡೆಗೆ ಸೆಪ್ಟೆಂಬರ್ ನಡುವಿನಲ್ಲಿ ಮೊದಲಾಗುವ ನಿರ್ನಾಲವೇ ಗಟ್ಟಿಯಾಯಿತು. ಇದರ ಪರಿಣಾಮವನ್ನು ಅಳಿಯನು ಊಹಿಸಿರಲಿಲ್ಲ. ಮದುವೆಗೂ ಪ್ರಯಾಣಕ್ಕೂ ನಡುವೆ ಬಿದ್ದ ತಿಂಗಳುಗಳನ್ನು ನೆಂಟರು ಒಡನೆಯೇ ಹಂಚಿಕೊಂಡರು. ಯಾವ ತಮ್ಮನಗಳಿಂದ ತಪ್ಪಿಸಿಕೊಳ್ಳಲೆಂದು ಒಂಬತ್ತು ದೇಶಗಳನ್ನು ಆಶ್ರಯಿಸಿದ್ದನೋ ಆ ತಮ್ಮನಗಳನ್ನೆಲ್ಲ ಅವನು, ಮದುಮಗಳ ಸಮೇತ, ಒಂದನ್ನೂ ಬಿಡದೆ ಉಂಡು ಮುಗಿಸಿದನು.

ಎರಡನೆಯ ವಿಘ್ನವು ವೀಸಾದ ರೂಪದಲ್ಲಿ ಬಂದಿತು. 1985ರ ಜೂನ್ 14ರಂದು ಐದು ದೇಶಗಳ ಪ್ರತಿನಿಧಿಗಳು ಲಕ್ಸೆಂಬರ್ಗಿನ ಶೆಂಗೆನ್ ಎಂಬ ಹಳ್ಳಿಯ ಬಳಿ, ಮೊಸೆಲ್ ನದಿಯಲ್ಲಿ ನಿಂತ ಹಡಗೊಂದರ ಮೇಲೆ ಕುಳಿತು, ತಮ್ಮ ನಡುವಣ ಗಡಿತಪಾಸಣೆಯನ್ನು ಕ್ರಮೇಣ ತೆಗೆದುಹಾಕುವ ಒಪ್ಪಂದಕ್ಕೆ ಸಹಿ ಹಾಕಿದರು. ಇಂದು ಅದರಲ್ಲಿ 29 ದೇಶಗಳಿವೆ. ಒಂದು ವೀಸಾ ಪಡೆದರೆ ಎಲ್ಲೆಡೆಯೂ ಸಂಚರಿಸಬಹುದು. ಆದರೆ ಅರ್ಜಿಯನ್ನು ಹೆಚ್ಚು ದಿನ ಉಳಿಯುವ ದೇಶಕ್ಕೇ ಸಲ್ಲಿಸಬೇಕು. ದಿನಗಳು ಸಮನಾದಲ್ಲಿ ಮೊದಲು ಕಾಲಿಡುವ ದೇಶಕ್ಕೆ. ಯಾರಿಗೂ ಬೇಸರವಾಗದಂತೆ ರಾತ್ರಿ ತಂಗುವ ದೇಶಗಳಿಗೆಲ್ಲ ಒಂದೆರಡು ರಾತ್ರಿಗಳನ್ನು ಸಮನಾಗಿ ಹಂಚಿದ್ದ ಅಳಿಯನಿಗೆ, ‘ನಿನಗೆ ಯಾರ ಮೇಲೆ ಹೆಚ್ಚು ಪ್ರೀತಿ?’ ಎಂದು ಕಾನೂನೇ ಕೇಳಿದಂತಾಯಿತು. ಇನ್ನೂ ಒಂದು ಸಂಗತಿ ಅವನ ಎದೆಯೊಡೆಯಿತು. ಗಡಿಗಳೇ ಇಲ್ಲವಾದುದರಿಂದ ದೇಶದಿಂದ ದೇಶಕ್ಕೆ ದಾಟುವಾಗ ಪಾಸ್‌ಪೋರ್ಟಿಗೆ ಯಾವ ಮುದ್ರೆಯೂ ಬೀಳುವುದಿಲ್ಲ. ಹೊಗುವಾಗ ಒಂದು, ಹೊರಡುವಾಗ ಒಂದು ಬೀಳುತ್ತಿದ್ದುದನ್ನೂ ತೆಗೆದು, 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ, ಬೆರಳಚ್ಚು ಮುಖಚಿತ್ರಗಳನ್ನು ಕಂಪ್ಯೂಟರಿನಲ್ಲಿ ದಾಖಲಿಸುವ ಏರ್ಪಾಡನ್ನು ತಂದಿದ್ದಾರೆ. ಒಂಬತ್ತು ರಾಜ್ಯಗಳನ್ನು ಗೆದ್ದು ಬಂದವನಿಗೆ ಬಂಡೆಯೇ ಇಲ್ಲವಾದರೆ ಹೇಗೆ? ವಾಡುಟ್ಸಿನ ಪ್ರವಾಸಿ ಕೇಂದ್ರದಲ್ಲಿ ಹಣ ಕೊಟ್ಟರೆ ನೆನಪಿಗೊಂದು ಮುದ್ರೆ ಒತ್ತಿಕೊಡುವರೆಂಬ ಸಮಾಧಾನವಷ್ಟೇ ಅವನಿಗೆ ಉಳಿಯಿತು. ಲಿಕ್ಟನ್‌ಸ್ಟೈನಿನ ಮೇಲಣ ಅವನ ಅಭಿಮಾನ ಇಮ್ಮಡಿಯಾಯಿತು.

ಲಗತ್ತಿಸಬೇಕಾದ ಕಾಗದಪತ್ರಗಳ ಪಟ್ಟಿಯನ್ನು ಅಕ್ಕನಿಗೆ ಓದಿಹೇಳುವ ಭಾಗ್ಯ ನನ್ನದಾಯಿತು. ಕನಿಷ್ಠ 30,000 ಯೂರೋಗಳ ವಿಮೆ ಬೇಕೆಂಬವರೆಗೆ ಸುಮ್ಮನಿದ್ದಳು. ಆ ವಿಮೆಯು ಕಾಯಿಲೆಯ ಚಿಕಿತ್ಸೆಗಲ್ಲದೆ ಪ್ರಾಣಾಪಾಯ ಸಂಭವಿಸಿದಲ್ಲಿ ದೇಹವನ್ನು ಊರಿಗೆ ಸಾಗಿಸುವ ವೆಚ್ಚಕ್ಕೂ ಒದಗಬೇಕೆಂದು ಓದಿದೊಡನೆ, ‘ಎಂಥದು ಮಾರಾಯ, ಶುಭದ ಕಾಗದದಲ್ಲಿ ಇಂಥ ಮಾತು!’ ಎಂದು ದೇವರ ಕೋಣೆಯ ಕಡೆಗೆ ಕೈಮುಗಿದಳು. ಮರಳಿ ಬರುವರೆಂಬುದಕ್ಕೆ ಆಧಾರಗಳನ್ನು ಒದಗಿಸಬೇಕೆಂದಾಗ ಎದ್ದು ಒಳಗೆ ಹೋಗಿ ಅಡಿಕೆ ತೋಟದ ಆರ್‌ಟಿಸಿಯನ್ನು ತಂದಿಟ್ಟಳು. ತೋಟವುಳ್ಳವನು ಎಲ್ಲಿಗಾದರೂ ಓಡಿಹೋದಾನೇ ಎಂಬುದು ಅವಳ ವಾದ. ಮಳೆಗಾಲದಲ್ಲಿ ಮದ್ದು ಬಿಡುವವರು ಸಿಗದೆ ತೋಟವುಳ್ಳವರಿಗೇ ಓಡಿಹೋಗುವ ಮನಸ್ಸು ಹೆಚ್ಚೆಂಬುದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ.

ಮದ್ದಿನ ಪ್ರಸ್ತಾಪ ಬಂದುದರಿಂದ, ಆ ಹಾಳೆಗೆ ನಾನು ಸೂಚಿಸಿದ ಏಕೈಕ ತಿದ್ದುಪಡಿಯನ್ನೂ ಇಲ್ಲಿ ಅರಿಕೆಮಾಡಿಕೊಳ್ಳುವೆನು. ನಮ್ಮ ಅಡಿಕೆಯನ್ನು ಕೊಳೆರೋಗದಿಂದ ಕಾಪಾಡುತ್ತಿರುವ ಮೈಲುತುತ್ತು ಸುಣ್ಣಗಳ ದ್ರಾವಣವು ಫ್ರಾನ್ಸಿನ ಬೋರ್ಡೋ ಪ್ರಾಂತದ್ದು. ದಾರಿಹೋಕರು ಹಣ್ಣು ಕದಿಯದಿರಲೆಂದು ಅಲ್ಲಿನ ರೈತರು ಮಾರ್ಗದ ಬದಿಯ ದ್ರಾಕ್ಷಿಬಳ್ಳಿಗಳಿಗೆ ಈ ನೀಲಿಯನ್ನು ಬಳಿಯುತ್ತಿದ್ದರಂತೆ. ಹಾಗೆ ಬಳಿದ ಬಳ್ಳಿಗಳಿಗೆ ರೋಗ ಹತ್ತದಿದ್ದುದನ್ನು 1880ರ ದಶಕದಲ್ಲಿ ಮಿಲಾರ್ಡೆ ಎಂಬ ಸಸ್ಯಶಾಸ್ತ್ರದ ಪ್ರಾಧ್ಯಾಪಕನು ಗಮನಿಸಿ, ಪರೀಕ್ಷಿಸಿ, ಲೋಕಕ್ಕೆ ಸಾರಿದನು. ನಮ್ಮ ಮನೆಯ ಅನ್ನಕ್ಕೆ ಇಷ್ಟು ಉಪಕಾರ ಮಾಡಿದ ಊರು ಒಂಬತ್ತು ದೇಶಗಳ ಪಟ್ಟಿಯಲ್ಲಿ ಇಲ್ಲದಿರುವುದು ಕೃತಘ್ನತೆಯೆಂದೆ. ‘ಅಲ್ಲಿ ನೋಡಲಿಕ್ಕೆ ಎಂಥದು ಉಂಟು ಮಾವ?’ ಎಂದನು ಅಳಿಯ. ಐಫೆಲ್ ಗೋಪುರದಿಂದ ನಮ್ಮ ತೋಟಕ್ಕೆ ಏನಾಗಿದೆಯೆಂದು ನಾನು ಕೇಳಿದೆ.

ಇಷ್ಟೆಲ್ಲ ನಡೆಯುವಾಗಲೂ ಆ ಪ್ರಯಾಣದ ಅರ್ಧಾಂಗಿಯಾದ ಹೆಣ್ಣುಮಗಳನ್ನು ಯಾರೂ ವಿಚಾರಿಸಿರಲಿಲ್ಲವೆಂಬುದನ್ನು ಓದುಗರು ಗಮನಿಸಿದ್ದಾರು, ನಾವು ಗಮನಿಸಿರಲಿಲ್ಲ. ಮದುವೆಯಾದ ಮೇಲೆ ಕಾರ್ತೆಲ್ ತಿಂಗಳಿನ ಒಂದು ಮಧ್ಯಾಹ್ನ ಮಳೆ ಬಿಡುವು ಕೊಟ್ಟಿದ್ದಾಗ ಮೂವರೂ ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಹೋದೆವು. 1430ರಲ್ಲಿ ಕಟ್ಟಿದ ಆ ತ್ರಿಭುವನತಿಲಕ ಚೂಡಾಮಣಿಯ ಅಂಗಳವನ್ನು ಅಳಿಯನು, ರೂಢಿಯಂತೆ, ಎರಡು ಚಿತ್ರಗಳನ್ನು ತೆಗೆದು ಮುಗಿಸಿ, ‘ಹೊರಡುವನಾ?’ ಎಂದನು. ಅವಳು ಭೈರಾದೇವಿ ಮಂಟಪದ ಜಗಲಿಯ ಬುಡದಲ್ಲಿ ಕುಳಿತುಬಿಟ್ಟಿದ್ದಳು. ‘ಇದನ್ನು ನೋಡಿದ್ದೀರಾ?’ ಎಂದು ಬೆರಳು ತೋರಿಸಿದ ಕಡೆಯಲ್ಲಿ, ಗೇಣುದ್ದದ ಉಬ್ಬುಕೆತ್ತನೆಯಲ್ಲಿ, ನೀಳವಾದ ಕೊರಳಿನ ಒಂದು ಜಿರಾಫೆ ನಿಂತಿತ್ತು. ಅದರ ಆಸುಪಾಸಿನಲ್ಲೇ ಮೈ ಸುರುಳಿಸಿದ ಚೀನೀ ಡ್ರಾಗನ್. ಪಡುಗಡಲ ವ್ಯಾಪಾರಿಗಳ ಬಾಯಿಂದ ಕೇಳಿಯೋ ಅವರು ತಂದ ಚಿತ್ರಗಳನ್ನು ಕಂಡೋ, ಶಿಲ್ಪಿಯೊಬ್ಬನು ಆಫ್ರಿಕಾ ಚೀನಗಳೆರಡನ್ನೂ ಒಂದೇ ಜಗಲಿಗೆ ತಂದು ಕೂರಿಸಿದ್ದನು. ಬಾಲ್ಯದಿಂದ ಆ ಮಂಟಪವನ್ನು ಹಾದುಹೋಗುತ್ತಿದ್ದ ಅಳಿಯನು ಅದನ್ನು ಒಮ್ಮೆಯೂ ನೋಡಿರಲಿಲ್ಲ. ಅವನು ಬಗ್ಗಿ ನೋಡಿದನು. ಅನಂತರ ಅವಳ ಪಕ್ಕದಲ್ಲಿ ಕುಳಿತೂ ನೋಡಿದನು. ಆಗ ಅವಳು ಸಾವಕಾಶವಾಗಿ ಕೇಳಿದಳು: ‘ನಿಮ್ಮ ಹಾಳೆಯಲ್ಲಿ ಹತ್ತುವುದು ಇಳಿಯುವುದು ಎಲ್ಲ ಉಂಟು. ನಾವು ಕುಳಿತುಕೊಳ್ಳುವುದು ಎಲ್ಲಿ?’

ಅಂದಿನಿಂದ ಹಾಳೆ ಕರಗತೊಡಗಿತು. ಅಳಿಯನು ದಿನಕ್ಕೊಂದರಂತೆ ದೇಶಗಳನ್ನು ಬಿಟ್ಟುಕೊಟ್ಟ ಪರಿಯನ್ನು ನಾನು ಸಮೀಪದಿಂದ ಬಲ್ಲೆನಾದ್ದರಿಂದ, ಆ ತ್ಯಾಗದಲ್ಲಿ ಮದುವೆಯ ಮೊದಲ ಪಾಠವೆಲ್ಲ ಅಡಕವಾಗಿತ್ತೆಂದು ಹೇಳಬಲ್ಲೆ. ಬೆಲ್ಜಿಯಮ್ಮನ್ನು ಬಿಡುವಾಗ ಅವನು ವಾದಿಸಿದನು. ಜರ್ಮನಿಯನ್ನು ಬಿಡುವಾಗ ಮುನಿದನು. ಇಟಲಿ ವ್ಯಾಟಿಕನ್ನುಗಳನ್ನು ಬಿಡುವಾಗ ಅವಳೇ ಕನಿಕರಿಸಿ ಬೇಕಾದರೆ ಇರಲೆಂದಳು, ಹಾಗೆಂದ ಮೇಲೆ ತಾನಾಗಿಯೇ ಬಿಟ್ಟನು. ಯಾರಿಗೆ ಯಾವುದರ ಆಸೆ, ಯಾರಿಗೆ ಎಷ್ಟು ಹೊತ್ತಿಗೆ ಹಸಿವು, ಯಾರು ಮುಂಜಾನೆಯ ರೈಲಿಗೆ ಏಳತಕ್ಕವರಲ್ಲ ಎಂಬುದನ್ನೆಲ್ಲ ಇಬ್ಬರೂ ಒಂದು ಕಾಸು ಖರ್ಚಿಲ್ಲದೆ ನಮ್ಮ ಚಾವಡಿಯಲ್ಲಿ ಅರಿತುಕೊಂಡರು. ಬಂಧುಗಳಿಂದ ಓಡಿಹೋಗಬಯಸಿದವನು ಐಫೆಲ್ ಗೋಪುರವನ್ನೂ ಪೀಸಾ ಗೋಪುರವನ್ನೂ ಹೊಸ ಬಂಧುಗಳನ್ನಾಗಿ ಮಾಡಿಕೊಂಡು, ಒಬ್ಬರ ಮನೆಗೆ ಹೋಗಿ ಇನ್ನೊಬ್ಬರದನ್ನು ಬಿಟ್ಟರೆ ಅವರೇನೆಂದುಕೊಂಡಾರೆಂಬ ಭೀತಿಯಲ್ಲಿ ಯೋಜನೆಯನ್ನು ಹೆಣೆದಿದ್ದನು. ಗೋಪುರಗಳಿಗೆ ಬೇಸರವಾಗುವುದಿಲ್ಲವೆಂಬ ಸಣ್ಣ ಸತ್ಯ ಹೊಳೆದ ಮೇಲೆ ಉಳಿದುದು ಎರಡು ದೇಶಗಳು: ಫ್ರಾನ್ಸಿನಲ್ಲಿ ಎಂಟು ರಾತ್ರಿ, ಬೋರ್ಡೋ ಸಹಿತ, ಸ್ವಿಟ್ಸರ್ಲೆಂಡಿನಲ್ಲಿ ಆರು ರಾತ್ರಿ, ಅದರಲ್ಲಿ ಹೆಚ್ಚಿನವು ಲೂಸರ್ನಿನ ಸರೋವರದ ದಂಡೆಯಲ್ಲಿ. 3,454 ಮೀಟರ್ ಎತ್ತರದ ಯುಂಗ್‌ಫ್ರಾವ್‌ಯೋಖಿಗೆ 1912ರಿಂದ ಓಡುತ್ತಿರುವ ರೈಲನ್ನು ಅಳಿಯನು ಉಳಿಸಿಕೊಂಡನು. ಸೊಸೆ ಒಪ್ಪಿದಳು, ರೈಲಿನಲ್ಲಿ ಕುಳಿತುಕೊಳ್ಳಬಹುದಲ್ಲ.

ಇದೀಗ ಆಟಿ. ಸೊಸೆ ತೌರಿನಲ್ಲಿದ್ದಾಳೆ, ಅಳಿಯನು ಬೆಂಗಳೂರಿನಲ್ಲಿ ಹಾಳೆಯೊಡನೆ ಏಕಾಂಗಿಯಾಗಿದ್ದಾನೆ, ಇದು ಅಪಾಯದ ಸ್ಥಿತಿ. ನಿನ್ನೆ ದೂರವಾಣಿಯಲ್ಲಿ ಸಂಭ್ರಮದಿಂದ ತಿಳಿಸಿದನು: ಬಜಪೆಯಿಂದ ಯುರೋಪಿಗೆ ನೇರ ವಿಮಾನವಿಲ್ಲವಷ್ಟೆ, ಅಬುಧಾಬಿಯಲ್ಲಿ ಇಳಿದು ಏಳು ಗಂಟೆ ಕಾಯಬೇಕು, ಆ ಏಳು ಗಂಟೆಗಳಲ್ಲಿ ಪೇಟೆಗೆ ಹೋಗಿ ಬಂದರೆ, ‘ಮೂರನೆಯ ದೇಶವೂ ಲೆಕ್ಕಕ್ಕೆ ಸಿಕ್ಕಿತಲ್ಲ ಮಾವ?’ ಅವಳನ್ನು ಕೇಳೆಂದೆ. ಸಂಜೆಯ ಹೊತ್ತಿಗೆ ಹಾಳೆಯಲ್ಲಿ, ಅವಳ ಕಡೆಯಿಂದ, ಹೊಸದೊಂದು ಸಾಲು ಸೇರಿತ್ತು: ‘ಅಬುಧಾಬಿ: ಕುಳಿತುಕೊಳ್ಳುವುದು, 7 ಗಂಟೆ’. ಅದರ ಕೆಳಗೆ ನನ್ನ ಸಂಪೂರ್ಣ ಸಮ್ಮತಿಯಿದೆಯೆಂದು ನಾನೂ ಬರೆಯಿಸಿದ್ದೇನೆ. ಅಳಿಯಕಟ್ಟಿನಲ್ಲಿ ಯಜಮಾನನ ಕೆಲಸ ಹಿಂದಿನ ಕಾಲದಲ್ಲಿಯೂ ಬಹುಶಃ ಇಷ್ಟೇ ಇದ್ದಿರಬೇಕು.