ರೇಡಿಯೇಟರಿಗೆ ಅರಿಶಿಣ

ಸೊಲ್ಲಾಪುರದ ಮೇ ಬಿಸಿಲಿನಲ್ಲಿ ಮನುಷ್ಯ ಬೆವರಿದರೆ ಯಾರೂ ಕೇಳುವುದಿಲ್ಲ. ಕಾರು ಬೆವರಿತೋ, ಚಿಂಚೋಳಿ ಎಂಐಡಿಸಿಯ ಚಹಾದಂಗಡಿಯಲ್ಲಿ ಕೂತವರೆಲ್ಲ ವೈದ್ಯರೇ! “ಅರಿಶಿಣಪುಡಿ ಹಾಕ್ರೀ, ತೂತು ತಾನಾ ಮುಚ್ಚತದ” ಎನ್ನುತ್ತಾರೆ ಒಬ್ಬರು. “ಅದೆಲ್ಲ ಬ್ಯಾಡ್ರಿ ಸಾವಕಾರ್ರ, ತತ್ತಿ ಒಡದು ಸುರೀರಿ” ಎಂದು ಇನ್ನೊಬ್ಬರು. ಶೇಂಗಾ ಚಟ್ನಿಯೊಂದು ಬಿಟ್ಟು ಉಳಿದದ್ದೆಲ್ಲ ರೇಡಿಯೇಟರಿಗೆ ಶಿಫಾರಸಾಗುತ್ತದೆ. ತೂತು ಮುಚ್ಚುತ್ತದೋ ಇಲ್ಲವೋ, ಒಳಗಿನ ಸಣ್ಣ ನಾಳಗಳಂತೂ ಕಟ್ಟಿಕೊಳ್ಳುತ್ತವೆ.

ಮೊದಲು ಮಾಡಬೇಕಾದ ಕೆಲಸ, ಸುಮ್ಮನೆ ಕೂರುವುದು. ಎಂಜಿನ್ ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳ ತೆರೆದರೆ ಒತ್ತಡದಲ್ಲಿದ್ದ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಪೂರ್ತಿ ತಣಿದ ಮೇಲೆ ಕೆಳಗೆ ರಟ್ಟು ಹಾಸಿ, ಕೂಲಂಟಿನ ಹಸಿರೋ ಗುಲಾಬಿಯೋ ಹನಿ ಎಲ್ಲಿ ಬೀಳುತ್ತದೆ ನೋಡಿ. (ಬಣ್ಣವಿಲ್ಲದ ತಿಳಿನೀರಾದರೆ ಬಹುಶಃ ಏಸಿಯದು, ಇನ್ನೊಂದು ಚಹಾ ಹೇಳಿ.) ಹೋಸಿನ ಕ್ಲಿಪ್ ಸಡಿಲಾಗಿದ್ದರೆ ಸ್ಕ್ರೂಡ್ರೈವರ್ ಸಾಕು, ಹೋಸೇ ಬಿರಿದಿದ್ದರೆ ಹೊಸದು ಬೇಕು. ಆಯಿಲ್ ಹಾಲು ಬೆರೆಸಿದ ಚಹಾದಂತೆ ಕಂಡರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಗಾಡಿ ಚಾಲೂ ಮಾಡದೆ ಮೆಕ್ಯಾನಿಕ್ಕನ್ನು ಕರೆಯಿರಿ.

ಚೆಲ್ಲಿದ ಕೂಲಂಟ್ ಮಾತ್ರ ಒರೆಸಿಬಿಡಿ. ಸಿಹಿಯೆಂದು ನಾಯಿ ನೆಕ್ಕುತ್ತದೆ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಮೂತ್ರಪಿಂಡ ಕೆಡಿಸುವ ವಿಷ.