ಎರಡು ಸೆಕೆಂಡಿನ ಶಾಸ್ತ್ರ

ಬಾಕ್ಸಿಂಗ್ ಪಂದ್ಯವನ್ನು ರೆಫ್ರಿ ಯಾವ ಕ್ಷಣದಲ್ಲಿ ನಿಲ್ಲಿಸಬೇಕು ಎಂಬ ವಿಷಯದಲ್ಲಿ ಈಗ ಯಾವ ಗೊಂದಲವೂ ಉಳಿದಿಲ್ಲ. ಆ ಕ್ಷಣವನ್ನು ಕರಾರುವಾಕ್ಕಾಗಿ ಹೇಳಬಲ್ಲ ತಜ್ಞರು ಜಗತ್ತಿನ ಎಲ್ಲ ಊರುಗಳಲ್ಲೂ ಸಿಗುತ್ತಾರೆ. ಅವರಿಗೆ ಅದು ಹೊಳೆಯುವುದು ಪಂದ್ಯ ಮುಗಿದ ಮೇಲೆ ಎಂಬುದೊಂದು ಸಣ್ಣ ತೊಡಕು. ಶಾಸ್ತ್ರ ಬೆಳೆದ ಹಾಗೆ ಅದೂ ನೀಗೀತು. ನಾನೂ ಆ ತಜ್ಞರಲ್ಲೊಬ್ಬ. ಜನ್ಮದಲ್ಲಿ ಗ್ಲವ್ಸ್ ತೊಟ್ಟವನಲ್ಲ, ರಿಂಗಿನ ಹಗ್ಗ ಮುಟ್ಟಿದವನಲ್ಲ. ಹಾಗಾಗಿ ನನ್ನ ದೃಷ್ಟಿಗೆ ಅನುಭವದ ಕಲಬೆರಕೆ ಆಗಿಲ್ಲ. ಅಂಪೈರು ಕೊಟ್ಟ ಎಲ್‌ಬಿಡಬ್ಲ್ಯು ತಪ್ಪೆಂದು ಸೋಫಾದಲ್ಲಿ ಕೂತು ಸಾಧಿಸಿದ ದೀರ್ಘ ಸೇವೆ ಬೆನ್ನಿಗಿದೆ. ಆಟ ಬೇರೆಯಾದರೂ ಸೋಫಾ ಅದೇ.

ನಮ್ಮ ಶಾಸ್ತ್ರಕ್ಕೆ ಮೂಲವಾದ ಪ್ರಕರಣ ನಡೆದದ್ದು 1990ರ ಮಾರ್ಚ್ 17ರ ರಾತ್ರಿ, ಲಾಸ್ ವೇಗಸ್‌ನ ಹಿಲ್ಟನ್ ಹೋಟೆಲಿನಲ್ಲಿ. ಒಂದು ಮೂಲೆಯಲ್ಲಿ ಮೆಕ್ಸಿಕೊದ ಹೂಲಿಯೊ ಸೆಸಾರ್ ಚಾವೆಜ್, ಆವರೆಗೆ ಯಾರ ಕೈಯಲ್ಲೂ ಸೋಲದವನು. ಇನ್ನೊಂದು ಮೂಲೆಯಲ್ಲಿ ಫಿಲಡೆಲ್ಫಿಯಾದ ಮೆಲ್ಡ್ರಿಕ್ ಟೇಲರ್, 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಹದಿನೇಳನೆಯ ವಯಸ್ಸಿಗೇ ಚಿನ್ನ ಗೆದ್ದವನು, ಅವನೂ ಸೋತವನಲ್ಲ. 140 ಪೌಂಡ್ ವಿಭಾಗದ ಎರಡು ವಿಶ್ವ ಕಿರೀಟಗಳು ಪಣಕ್ಕಿದ್ದವು. ಹನ್ನೆರಡು ಸುತ್ತು, ಸುತ್ತಿಗೆ ಮೂರು ನಿಮಿಷ.

ಟೇಲರ್‌ನ ಕೈ ಬಲು ಚುರುಕು. ಚಾವೆಜ್ ಒಂದು ಗುದ್ದು ಕೊಡುವಷ್ಟರಲ್ಲಿ ಇವನದು ಮೂರೋ ನಾಲ್ಕೋ ಬಿದ್ದಿರುತ್ತಿತ್ತು. ಸುತ್ತಿನ ಮೇಲೆ ಸುತ್ತು ಅಂಕಗಳು ಟೇಲರ್‌ನ ಪಾಲಾದವು. ಆದರೆ ಚಾವೆಜ್‌ನ ಆ ಒಂದೊಂದು ಗುದ್ದೂ ಲೆಕ್ಕವನ್ನು ಬೇರೆ ಕಡೆ ಬರೆಯುತ್ತಿತ್ತು. ಟೇಲರ್‌ನ ಮುಖ ಊದಿತು, ಬಾಯಲ್ಲಿ ರಕ್ತ ತುಂಬಿ ಅವನು ಅದನ್ನು ನುಂಗುತ್ತಾ ಹೋದ. ಕೊನೆಕೊನೆಗೆ ಗೆಲ್ಲುತ್ತಿದ್ದವನ ಮುಖ ಸೋತವನದರಂತೆಯೂ ಸೋಲುತ್ತಿದ್ದವನ ಮುಖ ಗೆದ್ದವನದರಂತೆಯೂ ಕಾಣತೊಡಗಿತು. ಅಂಕದ ಹಾಳೆಯಲ್ಲಿ ಮುಖಕ್ಕೆ ಪ್ರತ್ಯೇಕ ಕಲಂ ಇಲ್ಲ.

ಹನ್ನೆರಡನೆಯ ಸುತ್ತಿಗೆ ಮುಂಚೆ ಟೇಲರ್‌ನ ಮೂಲೆಯಲ್ಲಿದ್ದ ತರಬೇತುದಾರ ಲೂ ಡುವಾ, ಈ ಸುತ್ತು ನಿನಗೆ ಬೇಕೇಬೇಕು ಎಂದು ಹುರಿದುಂಬಿಸಿ ಕಳಿಸಿದ. ಲೆಕ್ಕದ ಪ್ರಕಾರ ಬೇಕಿರಲಿಲ್ಲ. ಕೈಗೆ ಸಿಗದೆ ಮೂರು ನಿಮಿಷ ಓಡಾಡಿಕೊಂಡಿದ್ದರೆ ಸಾಕಿತ್ತು. ಟೇಲರ್ ಎದುರಿಗೇ ನಿಂತು ಗುದ್ದಾಡಿದ. ಇಪ್ಪತ್ತು ಸೆಕೆಂಡೂ ಉಳಿದಿಲ್ಲ ಎನ್ನುವಾಗ ಚಾವೆಜ್‌ನ ಬಲಗೈ ಬಿತ್ತು, ಟೇಲರ್ ಮೂಲೆಯಲ್ಲಿ ಕುಸಿದ. ಹಗ್ಗ ಹಿಡಿದು ಎದ್ದ. ರೆಫ್ರಿ ರಿಚರ್ಡ್ ಸ್ಟೀಲ್ ಎಂಟರವರೆಗೆ ಎಣಿಸಿ, ಸರಿಯಾಗಿದ್ದೀಯಾ ಎಂದು ಕೇಳಿದ. ಮತ್ತೆ ಕೇಳಿದ. ಅಷ್ಟರಲ್ಲಿ ಡುವಾ ರಿಂಗಿನ ಅಂಚಿಗೆ ಹತ್ತಿ ಏನೋ ಕೂಗುತ್ತಿದ್ದ. ಟೇಲರ್‌ನ ಕಣ್ಣು ಅತ್ತ ಹೊರಳಿತು, ರೆಫ್ರಿಗೆ ಉತ್ತರ ಬರಲಿಲ್ಲ. ಸ್ಟೀಲ್ ಕೈ ಬೀಸಿ ಪಂದ್ಯ ನಿಲ್ಲಿಸಿಬಿಟ್ಟ. ಗಡಿಯಾರದಲ್ಲಿ 2 ನಿಮಿಷ 58 ಸೆಕೆಂಡು ಆಗಿತ್ತು.

ಹನ್ನೊಂದು ಸುತ್ತಿನ ಅಂಕಗಳು ಆಮೇಲೆ ಹೊರಬಿದ್ದವು. ಒಬ್ಬ ತೀರ್ಪುಗಾರನ ಹಾಳೆಯಲ್ಲಿ ಟೇಲರ್ 108–101, ಇನ್ನೊಬ್ಬನದರಲ್ಲಿ 107–102, ಮೂರನೆಯವನದರಲ್ಲಿ ಮಾತ್ರ ಚಾವೆಜ್ 105–104. ನೆಲಕ್ಕೆ ಬಿದ್ದ ಕೊನೆಯ ಸುತ್ತನ್ನು ಕಳೆದುಕೊಂಡರೂ ಗಂಟೆ ಹೊಡೆದಿದ್ದರೆ ಟೇಲರ್‌ನೇ ವಿಜಯಿ. ಗಂಟೆಗೆ ಎರಡು ಸೆಕೆಂಡು ಬಾಕಿ ಇತ್ತು.

ಇನ್ನು ವಿಶ್ಲೇಷಣೆ. ಮೂವತ್ತಾರು ನಿಮಿಷವೆಂದರೆ 2,160 ಸೆಕೆಂಡು. ಅದರಲ್ಲಿ 2,158 ಸೆಕೆಂಡು ಪಂದ್ಯ ನಿಲ್ಲಿಸದೆ ಇದ್ದ ಸ್ಟೀಲ್‌ನ ನಡತೆಯಲ್ಲಿ ನಮ್ಮ ಪಂಥದವರಿಗೆ ಯಾವ ಆಕ್ಷೇಪವೂ ಇಲ್ಲ. ಅಂದರೆ ಅವನಿಗೆ ಶೇಕಡಾ 99.9 ಅಂಕ. ಎಸ್‌ಎಸ್‌ಎಲ್‌ಸಿಯಲ್ಲಿ ಇಷ್ಟು ಬಂದಿದ್ದರೆ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಕಟ್ಟಿಸುತ್ತಿದ್ದರು. ಬಾಕ್ಸಿಂಗಿನಲ್ಲಿ ಮೌಲ್ಯಮಾಪನ ಸ್ವಲ್ಪ ಬಿಗಿ. ಆಮೇಲೆ ಸ್ಟೀಲ್ ರಿಂಗ್ ಹತ್ತಿದಲ್ಲೆಲ್ಲ ಪ್ರೇಕ್ಷಕರು ಕೂಗಿ ಹೀಯಾಳಿಸಿದರು.

ಬೇಗ ನಿಲ್ಲಿಸಿದ ಎನ್ನುವವರ ವಾದ ಗಟ್ಟಿಯಾಗಿಯೇ ಇದೆ. ಆ ಹೊತ್ತಿಗೆ ಚಾವೆಜ್ ದೂರದಲ್ಲಿ ನಿಂತಿದ್ದ. ಆಡಿ ಎಂದು ಸ್ಟೀಲ್ ಹೇಳಿದ್ದರೂ ಚಾವೆಜ್ ನಡೆದು ಬಂದು ಕೈ ಎತ್ತುವುದರೊಳಗೆ ಗಂಟೆ ಹೊಡೆಯುತ್ತಿತ್ತು. ಕೊನೆಯ ಹತ್ತು ಸೆಕೆಂಡಿಗೆ ಹತ್ತುವ ಕೆಂಪು ದೀಪವೂ ರಿಂಗಿನ ಕಂಬದ ಮೇಲೆ ಉರಿಯುತ್ತಿತ್ತು. ಸ್ಟೀಲ್ ಅದನ್ನು ಗಮನಿಸಲಿಲ್ಲ. ಕಾಲ ನೋಡುವುದು ನನ್ನ ಕೆಲಸವಲ್ಲ, ಎದುರಿಗಿರುವವನಿಗೆ ಸಾಕಾಗಿದೆಯೇ ಎಂದು ನೋಡುವುದು ನನ್ನ ಕೆಲಸ ಎಂಬರ್ಥದ ಮಾತಾಡಿದ. ಇದು ಹೊಣೆ ಜಾರಿಸುವ ಉತ್ತರ. ಅನುಭವಿ ರೆಫ್ರಿಯಾದವನು ಒಂದು ಕಣ್ಣನ್ನು ಬಾಕ್ಸರನ ಕಣ್ಣಿನ ಮೇಲೂ ಇನ್ನೊಂದನ್ನು ಅವನ ಹಿಂದಿನ ದೀಪದ ಮೇಲೂ ಇಟ್ಟು, ಒಂದು ಕಿವಿಯಲ್ಲಿ ಬರದ ಉತ್ತರವನ್ನೂ ಇನ್ನೊಂದರಲ್ಲಿ ಡುವಾನ ಕೂಗನ್ನೂ ಕೇಳಿಸಿಕೊಳ್ಳುತ್ತಾ, ತನಗೆ ಯಾರೂ ತೋರಿಸದ ಮೂರು ಅಂಕದ ಹಾಳೆಗಳನ್ನು ಮನಸ್ಸಿನಲ್ಲೇ ಕೂಡಿ, ಮೆದುಳಿಗೆ ಏನಾಗಿರಬಹುದೆಂದು ಊಹಿಸಿ ತೀರ್ಮಾನಿಸಬೇಕಿತ್ತು. ಅದಕ್ಕೆ ಅವನಿಗೆ ಕೆಲವು ಸೆಕೆಂಡುಗಳ ಧಾರಾಳ ಅವಕಾಶವಿತ್ತು. ನನಗೆ ಮೂವತ್ತು ವರ್ಷಕ್ಕಿಂತ ಹೆಚ್ಚು ಸಿಕ್ಕಿದೆ, ನಿಜ. ಆದರೆ ನಾನು ಆತುರದ ಮನುಷ್ಯನಲ್ಲ.

ಚಾವೆಜ್‌ನ ಪ್ರವರ್ತಕ ಡಾನ್ ಕಿಂಗ್ ಆಗಿದ್ದ. ಆದ್ದರಿಂದ ಇದರಲ್ಲಿ ಏನೋ ಇದೆ ಎನ್ನುವ ಉಪಪಂಥವೊಂದುಂಟು. ಪುರಾವೆಯನ್ನು ಈವರೆಗೆ ಯಾರೂ ತಂದಿಲ್ಲ. ಪುರಾವೆ ಇಲ್ಲದಿರುವುದೇ ಎಷ್ಟು ಚೆನ್ನಾಗಿ ಮುಚ್ಚಿದ್ದಾರೆ ಎಂಬುದಕ್ಕೆ ಪುರಾವೆ ಎಂದು ಅವರು ಹೇಳುತ್ತಾರೆ. ಅವರ ಕೂಡ ನಾನು ವಾದಕ್ಕಿಳಿಯುವುದಿಲ್ಲ.

ಶಾಸ್ತ್ರದ ನಿಜವಾದ ಆಳ ಇರುವುದು ಸಾಕ್ಷಿಯ ಪ್ರಶ್ನೆಯಲ್ಲಿ. ಪಂದ್ಯವನ್ನು ಬೇಗ ನಿಲ್ಲಿಸಿದರೆ ದೂರು ಕೊಡಲು ಒಬ್ಬ ಬದುಕಿರುತ್ತಾನೆ. ತಡವಾಗಿ ನಿಲ್ಲಿಸಿದರೆ ಆ ಅನುಕೂಲ ಇರುವುದಿಲ್ಲ. 1962ರ ಮಾರ್ಚ್ 24ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಎಮಿಲ್ ಗ್ರಿಫಿತ್, ಬೆನ್ನಿ ಪಾರೆಟ್‌ನನ್ನು ಹನ್ನೆರಡನೆಯ ಸುತ್ತಿನಲ್ಲಿ ಮೂಲೆಗೆ ಒತ್ತಿ ಹೊಡೆದ. ಹೊಡೆಯುತ್ತಲೇ ಹೋದ. ರೆಫ್ರಿ ರೂಬಿ ಗೋಲ್ಡ್‌ಸ್ಟೀನ್ ಒಳ್ಳೆಯ ಹೆಸರಿದ್ದವನು. ಅವನು ಕೂಡ ಕೆಲವು ಸೆಕೆಂಡು ಕಾದ. ಪಾರೆಟ್‌ಗೆ ಮತ್ತೆ ಪ್ರಜ್ಞೆ ಬರಲಿಲ್ಲ, ಹತ್ತು ದಿನಗಳ ಮೇಲೆ ತೀರಿಕೊಂಡ. ಗೋಲ್ಡ್‌ಸ್ಟೀನ್ ತಡಮಾಡಿದ ಎಂದು ಆಗಿನ ತಜ್ಞರು ಒಕ್ಕೊರಲಿನಿಂದ ಹೇಳಿದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದರಲ್ಲಿ ನಮ್ಮ ಪರಂಪರೆ ಹಳೆಯದು.

1982ರ ನವೆಂಬರಿನಲ್ಲಿ ಇದೇ ಲಾಸ್ ವೇಗಸ್‌ನಲ್ಲಿ ರೇ ಮ್ಯಾನ್ಸಿನಿಯ ಎದುರು ದಕ್ಷಿಣ ಕೊರಿಯಾದ ಕಿಮ್ ಡುಕ್-ಕೂ ಹದಿನಾಲ್ಕನೆಯ ಸುತ್ತಿನವರೆಗೆ ನಿಂತ. ಕೆಲವೇ ದಿನಗಳಲ್ಲಿ ಸತ್ತ. ಆ ಸಾವಿನ ನಂತರವೇ ವಿಶ್ವ ಪ್ರಶಸ್ತಿಯ ಪಂದ್ಯಗಳನ್ನು ಹದಿನೈದು ಸುತ್ತಿನಿಂದ ಹನ್ನೆರಡಕ್ಕೆ ಇಳಿಸುತ್ತಾ ಬಂದರು.

ಇಲ್ಲಿ ನನ್ನ ಸಂಶೋಧನೆಗೆ ಒಂದು ಅಡ್ಡಿ ಎದುರಾಯಿತು, ಮುಚ್ಚಿಡುವುದಿಲ್ಲ. ಹಳೆಯ ಪದ್ಧತಿಯೇ ಇದ್ದಿದ್ದರೆ ಸ್ಟೀಲ್ ಕೈ ಬೀಸಿದಾಗ ಮೂರು ಪೂರ್ತಿ ಸುತ್ತುಗಳೂ ಎರಡು ಸೆಕೆಂಡೂ ಬಾಕಿ ಇರುತ್ತಿದ್ದವು. ಟೇಲರ್ ಅದೇ ಟೇಲರ್, ಊದಿದ ಮುಖ ಅದೇ, ಮಾತು ಬಾರದ ಬಾಯಿ ಅದೇ. ಆದರೆ ಆ ಸ್ಥಿತಿಯವನನ್ನು ಇನ್ನೂ ಒಂಬತ್ತು ನಿಮಿಷ ಚಾವೆಜ್‌ನ ಎದುರು ನಿಲ್ಲಿಸು ಎಂದು ಯಾವ ತಜ್ಞನೂ ಹೇಳುತ್ತಿರಲಿಲ್ಲ. ಸಕಾಲದಲ್ಲಿ ನಿಲ್ಲಿಸಿದ ಎಂದು ಸ್ಟೀಲ್‌ಗೆ ಶಾಲು ಹೊದಿಸುತ್ತಿದ್ದರು. ಮುಂದೆ ಯಾರೂ ಸಾಯದಿರಲಿ ಎಂದು ಕತ್ತರಿಸಿದ ಆ ಮೂರು ಸುತ್ತುಗಳೇ, ಇವನು ಸತ್ತಾನು ಎಂದು ನಿಲ್ಲಿಸಿದವನನ್ನು ಖಳನಾಯಕನನ್ನಾಗಿ ಮಾಡಿದವು. ಈ ಅಡ್ಡಿಯನ್ನು ಸದ್ಯಕ್ಕೆ ಪಕ್ಕಕ್ಕಿಡೋಣ.

ಪಂದ್ಯದ ನಂತರ ಟೇಲರ್‌ನನ್ನು ಆಸ್ಪತ್ರೆಗೆ ಸೇರಿಸಿದರು. ಕಣ್ಣಿನ ಸುತ್ತಲ ಮೂಳೆ ಮುರಿದಿತ್ತು, ಮೂತ್ರದಲ್ಲಿ ರಕ್ತ, ಹೊಟ್ಟೆಯಲ್ಲಿ ನುಂಗಿದ ರಕ್ತ. ಇವೆಲ್ಲ ವೈದ್ಯಕೀಯ ವಿವರ. ನಮ್ಮ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ.

ಸ್ಟೀಲ್ ಪಾಠ ಕಲಿಯಲಿಲ್ಲ. ಮರುವರ್ಷ ಮಾರ್ಚಿನಲ್ಲೇ ಮೈಕ್ ಟೈಸನ್ ಎದುರು ಡೊನೊವನ್ ರಡಕ್ ತೂರಾಡುತ್ತಾ ಇನ್ನೂ ಕಾಲ ಮೇಲೆ ನಿಂತಿರುವಾಗಲೇ ಏಳನೆಯ ಸುತ್ತಿನಲ್ಲಿ ಪಂದ್ಯ ನಿಲ್ಲಿಸಿದ. ಎರಡೂ ಬಣದವರು ರಿಂಗಿಗೆ ನುಗ್ಗಿ ಕೈಕೈ ಮಿಲಾಯಿಸಿದರು. ಆ ಪಂದ್ಯಕ್ಕೆ ರೆಫ್ರಿ ಇರಲಿಲ್ಲ, ಹಾಗಾಗಿ ಅದು ತಾನಾಗಿ ನಿಂತಿತು.

ಟೀಕಿಸಿ ಸುಮ್ಮನಾಗುವವನು ನಾನಲ್ಲ. ಬಾಕ್ಸಿಂಗ್ ಆಯೋಗಗಳಿಗೆ ಒಂದು ಸಲಹೆಯೂ ಇದೆ. ಪಂದ್ಯದ ವಿಡಿಯೊವನ್ನು ರೆಫ್ರಿಗೆ ಪಂದ್ಯಕ್ಕೆ ಮುಂಚಿನ ದಿನವೇ ತೋರಿಸಬೇಕು, ಆಸ್ಪತ್ರೆಯ ವರದಿಯನ್ನು ಅದರ ಜೊತೆಗೇ ಕೊಡಬೇಕು. ಇಷ್ಟಾದರೆ ಸಾಧಾರಣ ಬುದ್ಧಿಯ ರೆಫ್ರಿ ಕೂಡ ನನ್ನಷ್ಟೇ ನಿಖರವಾಗಿ ನಿರ್ಧರಿಸಬಲ್ಲ.

ಚಾವೆಜ್ ಮತ್ತು ಟೇಲರ್ 1994ರ ಸೆಪ್ಟೆಂಬರಿನಲ್ಲಿ ಮತ್ತೆ ಎದುರಾದರು. ಎಂಟನೆಯ ಸುತ್ತಿನಲ್ಲಿ ಟೇಲರ್ ಸೋತ. ‘ದಿ ರಿಂಗ್’ ಪತ್ರಿಕೆ ಮೊದಲ ಪಂದ್ಯವನ್ನು ಆ ದಶಕದ ಶ್ರೇಷ್ಠ ಪಂದ್ಯವೆಂದು ಆರಿಸಿತು. ಸ್ಟೀಲ್‌ಗೆ 2014ರಲ್ಲಿ ಬಾಕ್ಸಿಂಗಿನ ಹಾಲ್ ಆಫ್ ಫೇಮ್‌ನಲ್ಲಿ ಜಾಗ ಸಿಕ್ಕಿತು. ಟೇಲರ್‌ನ ಮಾತು ಕ್ರಮೇಣ ತೊದಲಾಯಿತು. ವರ್ಷಗಳ ನಂತರ ಎಚ್‌ಬಿಒ ಈ ಪಂದ್ಯದ ಬಗ್ಗೆ ಮಾಡಿದ ಸಾಕ್ಷ್ಯಚಿತ್ರದಲ್ಲಿ ಅವನ ದನಿ ಕೇಳಿದವರಿಗೆ ಅದು ಗೊತ್ತು.

ಎಲ್ಲವನ್ನೂ ಪರಿಶೀಲಿಸಿ ಕೊಟ್ಟ ನನ್ನ ತೀರ್ಪು ಇಷ್ಟು: ಸ್ಟೀಲ್ ಪಂದ್ಯವನ್ನು ಎರಡು ಸೆಕೆಂಡು ಬೇಗ ನಿಲ್ಲಿಸಿದ. ಆ ದನಿ ಕೇಳಿದ ಕೆಲವರು, ಇಲ್ಲ, ನಾಲ್ಕೈದು ಸುತ್ತು ತಡವಾಯಿತು ಎನ್ನುತ್ತಾರೆ. ಅವರು ತಜ್ಞರಲ್ಲ.