ಕಣ್ಣೆತ್ತಿ ನೋಡಿದ ಕಾರು

ಎರಡೇ ಆಸನಗಳುಳ್ಳ, ಮೇಲ್ಛಾವಣಿಯನ್ನು ಮಡಿಸಿ ಹಿಂದಕ್ಕೆ ಸರಿಸಬಹುದಾದ, ನೆಲವನ್ನು ಬಿಟ್ಟು ಮೇಲೇಳಲು ಮನಸ್ಸೇ ಇಲ್ಲದ ಕಾರೊಂದನ್ನು ಕೊಳ್ಳಬೇಕೆಂಬ ವಿಚಾರವು ವಿವೇಕಿಯ ತಲೆಯಲ್ಲಿ ಹುಟ್ಟತಕ್ಕದ್ದಲ್ಲ. ಹುಟ್ಟಿದರೂ, ಸಾಲ ತೀರದ ಮನೆ, ಕಾಲೇಜಿನ ಮೆಟ್ಟಿಲೇರಿದ ಮಕ್ಕಳು, ವೈದ್ಯರ ಎಚ್ಚರಿಕೆಗೆ ಗುರಿಯಾಗಿರುವ ಸೊಂಟ, ಇವುಗಳ ಸ್ಮರಣೆಯಾದೊಡನೆ ತಾನಾಗಿಯೇ ಅಡಗತಕ್ಕದ್ದು. ನನ್ನ ತಲೆಯಲ್ಲಿ ಅದು ಹುಟ್ಟಿತು; ಅಡಗಲಿಲ್ಲ; ಅಷ್ಟೇ ಅಲ್ಲದೆ ಬೆಳೆದು ಎರಡು ಕವಲಾಗಿ ಒಡೆಯಿತು. ಕೊಂಡರೆ ಮಾಜ್ದಾ ಮಿಯಾಟಾವನ್ನೇ ಕೊಳ್ಳತಕ್ಕದ್ದೆಂಬ ವಿಷಯದಲ್ಲಿ ನನಗೆ ಸಂಶಯವಿರಲಿಲ್ಲ. ಆದರೆ 1989ರಲ್ಲಿ ಅವತರಿಸಿದ ಮೊದಲನೆಯ ತಲೆಮಾರಿನದೋ, 2015ರಿಂದ ಬರುತ್ತಿರುವ ನಾಲ್ಕನೆಯ ತಲೆಮಾರಿನದೋ ಎಂಬ ಪ್ರಶ್ನೆಯು ನನ್ನ ನಿದ್ರೆ, ನನ್ನ ಹಸಿವು, ನನ್ನ ಪತ್ನಿಯ ಸಹನೆ, ಈ ಮೂರನ್ನೂ ಕ್ರಮವಾಗಿ ಕ್ಷಯಿಸತೊಡಗಿತು. ನಡುವಣ ಎರಡು ತಲೆಮಾರುಗಳನ್ನು ನಾನು ಗಣನೆಗೇ ತೆಗೆದುಕೊಳ್ಳಲಿಲ್ಲ. ಮಧ್ಯಮರ ಪಾಡು ಎಲ್ಲೆಡೆಯಲ್ಲಿಯೂ ಇಷ್ಟೇ.

ಈ ಕಾರಿನ ಜನ್ಮವೃತ್ತಾಂತವೇ ನನ್ನಂಥವನ ಹುಚ್ಚಿಗೆ ಇಂಬು ಕೊಡುವಂತಹುದು. 1979ರಲ್ಲಿ ಮಾಜ್ದಾ ಸಂಸ್ಥೆಯ ಸಂಶೋಧನ ವಿಭಾಗದ ಹಿರಿಯರಾಗಿದ್ದ ಕೆನಿಚಿ ಯಾಮಾಮೊತೊ ಅವರು, ಮುಂದೆ ತಾವು ಎಂತಹ ಕಾರನ್ನು ಮಾಡಿದರೆ ಚೆನ್ನೆಂದು ಬಾಬ್ ಹಾಲ್ ಎಂಬ ಅಮೆರಿಕದ ಪತ್ರಕರ್ತನನ್ನು ಕೇಳಿದರಂತೆ. ಆತನು, ಇಂಗ್ಲೆಂಡಿನವರು ಒಂದು ಕಾಲಕ್ಕೆ ಮಾಡಿ ಆಮೇಲೆ ಕೈಬಿಡುತ್ತ ಬಂದಿದ್ದ ಹಗುರವಾದ ತೆರೆದ ಕಾರುಗಳನ್ನು ನೆನೆದು, ಅಂತಹುದೊಂದನ್ನು ಅಲ್ಲಿಯೇ ಕಪ್ಪುಹಲಗೆಯ ಮೇಲೆ ಗೀಚಿ ತೋರಿಸಿದನಂತೆ. ಒಬ್ಬ ಪತ್ರಕರ್ತನ ಮಾತನ್ನು ಒಂದು ಕಾರ್ಖಾನೆಯು ಕಿವಿಗೊಟ್ಟು ಕೇಳಿದ ದೃಷ್ಟಾಂತವು ಇತಿಹಾಸದಲ್ಲಿ ವಿರಳವೆಂದೇ ತೋರುತ್ತದೆ. ಕೇಳಿದ್ದಲ್ಲದೆ, ಆತನನ್ನು ಕೆಲವು ಕಾಲದ ಮೇಲೆ ತಮ್ಮ ಸಂಸ್ಥೆಗೇ ಸೇರಿಸಿಕೊಂಡು, ಲೋಟಸ್ ಎಲಾನ್ ಮೊದಲಾದ ಇಂಗ್ಲಿಷ್ ಕಾರುಗಳಿಂದ ಕಲಿಯತಕ್ಕದ್ದನ್ನು ಕಲಿತು, ನಿಂತಲ್ಲೆಲ್ಲ ಎಣ್ಣೆ ಸುರಿಸುವ ಗುಣವೊಂದನ್ನು ಮಾತ್ರ ಬಿಟ್ಟು, ಹೊಸ ಕಾರೊಂದನ್ನು ಅವರು 1989ರ ಫೆಬ್ರವರಿಯಲ್ಲಿ ಷಿಕಾಗೋ ನಗರದ ಪ್ರದರ್ಶನದಲ್ಲಿ ಲೋಕದ ಮುಂದಿಟ್ಟರು. 2016ರ ಏಪ್ರಿಲ್ ವೇಳೆಗೆ ಇಂತಹ ಕಾರುಗಳು ಹತ್ತು ಲಕ್ಷ ತಯಾರಾಗಿದ್ದುವು. ಇಂಗ್ಲಿಷರ ಕಲ್ಪನೆ, ಅಮೆರಿಕದವನ ಆಸೆ, ಜಪಾನೀಯರ ಕೈಗೆಲಸ, ಇಷ್ಟು ಕೂಡಿದ್ದ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಮೈಸೂರಿನವನೊಬ್ಬನ ಹುಚ್ಚೂ ಅದಕ್ಕೆ ಸೇರುವುದರಲ್ಲಿ ಅನೌಚಿತ್ಯವೇನೂ ಕಾಣಲಿಲ್ಲ.

ಗುಣದೋಷಗಳನ್ನು ತೂಗಲು ನಾನು ಕಾಗದದ ನಡುವೆ ಗೆರೆಯೆಳೆದು, ಎಡಗಡೆಯನ್ನು ಹಳೆಯದಕ್ಕೂ ಬಲಗಡೆಯನ್ನು ಹೊಸದಕ್ಕೂ ಬಿಟ್ಟು ಕುಳಿತೆನು. ಹಳೆಯದರ ಎಂಜಿನ್ನು 1.6 ಲೀಟರಿನದು, ಅದರ ಶಕ್ತಿ 116 ಅಶ್ವಗಳು. ಹೊಸದರದು 2 ಲೀಟರಿನದು, 2019ರಿಂದೀಚೆಗೆ ಅದರ ಶಕ್ತಿ 181 ಅಶ್ವಗಳು. ಹಳೆಯದರ ತೂಕ ಸಾವಿರ ಕಿಲೋಗ್ರಾಮಿನೊಳಗಿನದು. ಹೊಸದು, ಈ ಕಾಲದ ಕಾಯಿದೆಗಳು ವಿಧಿಸುವ ಸಕಲ ರಕ್ಷಾಕವಚಗಳನ್ನೂ ತೊಟ್ಟುಕೊಂಡು, ಆ ಸಾವಿರವನ್ನು ತುಸುವೇ ಮೀರಿದೆ. ಉದ್ದದಲ್ಲಿಯಂತೂ ಹೊಸದೇ ಕಿರಿದು! ಮೂವತ್ತು ವರ್ಷಗಳಲ್ಲಿ ಸಮಸ್ತ ಕಾರುಗಳೂ, ಅವುಗಳ ಒಡೆಯರೂ, ಹಿಗ್ಗಿ ಹೀರೆಯಾಗಿರುವಾಗ, ಸೊಂಟದ ಸುತ್ತಳತೆಯನ್ನು ಕಾಪಾಡಿಕೊಂಡ ಈ ಸಂಯಮವನ್ನು ಕಂಡು ನನಗೆ ಭಕ್ತಿಯೂ ಮತ್ಸರವೂ ಏಕಕಾಲದಲ್ಲಿ ಉಂಟಾದುವು. ಹಳೆಯದರ ಟಾಪನ್ನು ಮಡಿಸಬೇಕಾದರೆ ಎರಡು ಕೊಂಡಿಗಳನ್ನು ಕಳಚಿ, ಹಿಂದಣ ಪ್ಲಾಸ್ಟಿಕ್ಕಿನ ಕಿಟಕಿಯ ಜಿಪ್ಪನ್ನೆಳೆದು, ಅದು ಗೀರಾಗದಂತೆ ಲಾಲಿಸಿ ಮಲಗಿಸಬೇಕು; ಹೊಸದರಲ್ಲಿ ಒಂದೇ ಕೊಂಡಿ, ಒಂದೇ ಕೈ, ಸಿಗ್ನಲ್ಲಿನಲ್ಲಿ ನಿಂತಾಗ ಆಗಿಹೋಗುವ ಕೆಲಸ. ಹೀಗೆ ಬಲಗಡೆಯ ಪಟ್ಟಿಯು ಪುಟದ ಕೊನೆಯವರೆಗೂ ಇಳಿಯಿತು. ಎಡಗಡೆಯ ಪಟ್ಟಿಯಲ್ಲಿ ಎರಡೇ ಅಂಶಗಳು ನಿಂತುವು. ಒಂದು, ಅದರ ಗೇರು: ಗೇಣುದ್ದವೂ ಇಲ್ಲದ ಆ ಕೋಲನ್ನು ಮಣಿಕಟ್ಟಿನಿಂದ ತುಸು ಒತ್ತಿದರೆ ಸಾಕು, ಅಜ್ಜಿಯ ಕೈಯ ಅಡಕೆಕತ್ತರಿಯ ಹಾಗೆ ಟಕ್ಕೆಂದು ತನ್ನ ಸ್ಥಾನಕ್ಕೆ ಸೇರುತ್ತದೆ. ಹೊಸದರ ಗೇರೂ ಹಾಗೆಯೇ ಇದೆಯೆಂದು ಬಲ್ಲವರು ಹೇಳಿದರು, ನಾನು ಕೇಳಿಸಿಕೊಳ್ಳಲಿಲ್ಲ. ಎರಡನೆಯದು, ಅದರ ದೀಪಗಳು.

ದೀಪಗಳ ವಿಷಯಕ್ಕೆ ಬರುವ ಮೊದಲು ನನ್ನ ಮಿತ್ರರ ಸಲಹೆಗಳನ್ನು ಹೇಳಿ ಮುಗಿಸುತ್ತೇನೆ, ಅವು ದೀರ್ಘವಾಗಿ ಹೇಳತಕ್ಕವಲ್ಲ. ಒಬ್ಬರು ಮೈಲೇಜು ಎಷ್ಟೆಂದು ಕೇಳಿದರು. ಒಬ್ಬರು ಅದೇ ದುಡ್ಡಿಗೆ ಇನ್ನಷ್ಟು ಸೇರಿಸಿ ಮೈಸೂರಿನಲ್ಲಿ ಸೈಟು ಕೊಳ್ಳಬಹುದೆಂದರು. ಅವರ ದೃಷ್ಟಿಯಲ್ಲಿ ಜಗತ್ತಿನ ಸಮಸ್ತ ಪದಾರ್ಥಗಳೂ ಮೈಸೂರಿನ ಸೈಟಿನ ಭಿನ್ನರಾಶಿಗಳು. ಇನ್ನೊಬ್ಬರು, ತಮ್ಮ ವಿದ್ಯುತ್ ಕಾರು ಹೆದ್ದಾರಿಯಲ್ಲಿ ತನ್ನನ್ನು ತಾನೇ ಓಡಿಸಿಕೊಂಡು ಹೋಗುತ್ತದೆಂದೂ, ತಾವು ಸುಮ್ಮನೆ ಕುಳಿತಿರುತ್ತೇವೆಂದೂ ಹೆಮ್ಮೆಯಿಂದ ನುಡಿದರು. ತನ್ನ ಅವಶ್ಯಕತೆ ಇಲ್ಲದೆ ಹೋದುದನ್ನು ಇಷ್ಟು ಸಂತೋಷದಿಂದ ಸಾರಿಕೊಳ್ಳುವ ಪ್ರಾಣಿಯನ್ನು ಸೃಷ್ಟಿಕರ್ತನು ಇದಕ್ಕೆ ಮೊದಲು ಕಂಡಿರಲಾರನು.

ಇನ್ನು ದೀಪಗಳು. ಮೊದಲನೆಯ ತಲೆಮಾರಿನ ಮಿಯಾಟಾದ ಮೂತಿ ಬಹಳ ತಗ್ಗು. ಹೆಡ್‌ಲೈಟುಗಳಾದರೋ ನೆಲದಿಂದ ಇಂತಿಷ್ಟು ಎತ್ತರದಲ್ಲಿ ಇರತಕ್ಕದ್ದೆಂಬುದು ಕಾಯಿದೆ. ಈ ಎರಡಕ್ಕೂ ಸಂಧಾನವಾಗಲೆಂದು ಆ ಕಾಲದ ಹಲವು ಕಾರುಗಳಲ್ಲಿ ದೀಪಗಳನ್ನು ಹಗಲೆಲ್ಲ ಬಾನೆಟ್ಟಿನೊಳಗೆ ಮಲಗಿಸಿ, ಬೇಕಾದಾಗ ಮಾತ್ರ ಮೇಲಕ್ಕೇಳಿಸುವ ಏರ್ಪಾಡು ಮಾಡುತ್ತಿದ್ದರು. 1998ರಲ್ಲಿ ಬಂದ ಎರಡನೆಯ ತಲೆಮಾರಿನಿಂದ ಇದು ನಿಂತುಹೋಯಿತು. ಹೊಸದರ ದೀಪಗಳು ಸದಾ ತೆರೆದಿರುವ ಕಿರಿಗಣ್ಣುಗಳು, ಸ್ವಲ್ಪ ಸಿಡುಕಿನವು. ಸ್ಯಾನ್ ಹೊಸೆಯ ಒಂದು ಬೀದಿಯಲ್ಲಿ, ನಿವೃತ್ತರಾದ ಸಜ್ಜನರೊಬ್ಬರು ತಮ್ಮ 1991ರ ಕೆಂಪು ಮಿಯಾಟಾವನ್ನು ಮಾರುವರೆಂದು ತಿಳಿದು ನಾವು ಅಲ್ಲಿಗೆ ಹೋದೆವು. ಪತ್ನಿಯು ನಮ್ಮ ವ್ಯಾನಿನಲ್ಲಿಯೇ ಕುಳಿತಳು. ನಾನು ಇಳಿದು, ಕೆಂಪು ಕಾರಿನ ಎದುರಿಗೆ, ಮೂರು ಹೆಜ್ಜೆ ದೂರದಲ್ಲಿ ನಿಂತೆನು. ಆ ಮಹನೀಯರು ಒಳಗೆ ಕುಳಿತು, ಯಾವ ಮುನ್ಸೂಚನೆಯನ್ನೂ ಕೊಡದೆ, ಗುಂಡಿಯನ್ನೊತ್ತಿದರು.

ರೆಪ್ಪೆಗಳೆರಡೂ ಒಟ್ಟಿಗೆ ಎದ್ದುವು. ಆ ಕಾರು ನನ್ನನ್ನು ನೋಡಿತು. ನೋಡಿತೆಂದರೆ, ಮನೆಗೆ ಬಂದ ಅತಿಥಿಯನ್ನು ಕಂಡು ಜಗುಲಿಯ ಮೇಲಿದ್ದ ಹಿರಿಯರು ಪತ್ರಿಕೆಯಿಂದ ತಲೆಯೆತ್ತುವರಷ್ಟೆ, ಅಷ್ಟೇ ನಿಧಾನದಿಂದ, ಅಷ್ಟೇ ಸೌಜನ್ಯದಿಂದ ನೋಡಿತು. ಮತ್ತು ನಾನು, ಪದವೀಧರನೂ, ತೆರಿಗೆ ಸಲ್ಲಿಸುವವನೂ, ಯಂತ್ರಗಳ ನಡುವೆಯೇ ಉದ್ಯೋಗ ಮಾಡಿ ಅವುಗಳ ಜಡತ್ವವನ್ನು ಚೆನ್ನಾಗಿ ಬಲ್ಲವನೂ ಆದ ನಾನು, ಎರಡೂ ಕೈಗಳನ್ನು ಜೋಡಿಸಿ ಅದಕ್ಕೆ ನಮಸ್ಕಾರ ಮಾಡಿದೆನು. ಕಾರು ಬಹಳ ತಗ್ಗಾದುದರಿಂದ, ಬಾಗಿಯೇ ಮಾಡಬೇಕಾಯಿತು.

ವಿಷಯವು ಇಲ್ಲಿಗೇ ನಿಂತಿದ್ದರೆ ನನ್ನ ಮಾನವು ಉಳಿಯುತ್ತಿದ್ದಿತು. ಆದರೆ ಆ ಬೀದಿಯಲ್ಲಿ ಭಾರತೀಯರ ಮನೆಗಳು ಅನೇಕವಿದ್ದುವು; ನಮ್ಮವರು ಹೊಸ ವಾಹನವನ್ನು ಕೊಂಡಾಗ ತೆಂಗಿನಕಾಯಿ ಒಡೆಯುವುದನ್ನೂ, ಚಕ್ರದ ಕೆಳಗೆ ನಿಂಬೆಹಣ್ಣನ್ನು ಇಡುವುದನ್ನೂ ಆ ಸಜ್ಜನರು ಬೇಲಿಯಾಚೆಯಿಂದ ಕಂಡಿದ್ದರು. ಇದೂ ಅಂತಹ ಒಂದು ವಿಧಿಯೇ ಇರಬೇಕೆಂದು ಅವರು ಗೌರವಪೂರ್ವಕವಾಗಿ ಗ್ರಹಿಸಿದರು. ಅದಕ್ಕೆ ತಮ್ಮಿಂದ ವಿಘ್ನವಾಗಬಾರದೆಂದು, ದೀಪಗಳನ್ನು ಇಳಿಸಿ ಮತ್ತೊಮ್ಮೆ ಏರಿಸಿದರು. ಮತ್ತೊಮ್ಮೆ ಕಣ್ಣೆತ್ತಿ ನೋಡಿದವರಿಗೆ ಮತ್ತೊಮ್ಮೆ ವಂದಿಸದಿರುವುದು ಉದ್ಧಟತನವಾಗುತ್ತದೆ. ವಂದಿಸಿದೆನು. ವಿಧಿಯು ಮುಗಿದಿಲ್ಲವೆಂಬುದು ಅವರಿಗೆ ದೃಢಪಟ್ಟಿತು. ಮತ್ತೆ ಇಳಿಸಿದರು, ಏರಿಸಿದರು. ಮತ್ತೆ ಬಾಗಿದೆನು, ಎದ್ದೆನು. ನಾನು ನಿಲ್ಲಿಸಿದರೆ ತಾವೂ ನಿಲ್ಲಿಸಬೇಕೆಂದು ಅವರು ಕಾದಿದ್ದರು. ಅವರು ನಿಲ್ಲಿಸಿದರೆ ನಾನೂ ನಿಲ್ಲಿಸಬೇಕೆಂದು ನಾನು ಕಾದಿದ್ದೆನು. ಇಬ್ಬರೂ ಸಂಸ್ಕಾರವಂತರಾಗಿದ್ದುದೇ ಅನರ್ಥಕ್ಕೆ ಮೂಲವಾಯಿತು. ಒಬ್ಬನಾದರೂ ಒರಟನಾಗಿದ್ದರೆ ಪ್ರಸಂಗವು ಕ್ಷಣದಲ್ಲಿ ಮುಗಿಯುತ್ತಿದ್ದಿತು. ನಾಯಿಯನ್ನು ತಿರುಗಾಡಿಸಲು ಬಂದ ಹೆಂಗಸೊಬ್ಬರು ನಿಂತು ನೋಡಿದರು. ನಾಯಿಯೂ ನೋಡಿತು. ಕೆಳಗಿನ ಮೋಟಾರು ಝುಯ್ ಎನ್ನುತ್ತಿದ್ದಿತು. ಮೇಲೆ ನನ್ನ ಸೊಂಟವು ತನ್ನದೇ ಧ್ವನಿಯನ್ನು ಹೊರಡಿಸುತ್ತಿದ್ದಿತು. ಸಂಕೋಚದಿಂದ ನನ್ನ ಕಿವಿಗಳು ಕಾದಿದ್ದುವೆಂಬುದು ನಿಜ. ಆದರೆ ಇಷ್ಟು ಆದರದಿಂದ ನನ್ನನ್ನು ಯಾವ ವಾಹನವೂ ಹಿಂದೆಂದೂ ನೋಡಿರಲಿಲ್ಲವಾಗಿ, ಅಂತರಂಗದಲ್ಲಿ ಎಲ್ಲಿಯೋ ಇದು ಇನ್ನೂ ಸ್ವಲ್ಪ ಹೊತ್ತು ನಡೆಯಲೆಂಬ ಆಸೆಯೂ ಇದ್ದಿತು.

ಕಡೆಗೆ ವ್ಯಾನಿನ ಹಾರನ್ನು ದೀರ್ಘವಾಗಿ ಮೊಳಗಿತು. "ರೀ, ಮುಗಿಯಿತೇ ನಿಮ್ಮ ಸೂರ್ಯನಮಸ್ಕಾರ?" ಎಂದಳು ಪತ್ನಿ. ಆ ಸಜ್ಜನರು ಮೆಲ್ಲನೆ ಇಳಿದು ಬಂದು, ಧ್ವನಿಯನ್ನು ತಗ್ಗಿಸಿ, ನಿಂಬೆಹಣ್ಣು ಬೇಕಾದರೆ ತಮ್ಮ ಹಿತ್ತಿಲಲ್ಲಿ ಗಿಡವಿದೆಯೆಂದು ತಿಳಿಸಿದರು. ಇಂದಿಗೆ ಇಷ್ಟೇ ಸಾಕೆಂದು ನಾನು ಗಾಂಭೀರ್ಯದಿಂದ ಹೇಳಿದೆನು.

ಆ ಕ್ಷಣಕ್ಕೆ ನನ್ನ ಮನಸ್ಸು ನಿರ್ಧರಿಸಿಬಿಟ್ಟಿದ್ದಿತು. ಒಳಗೆ ಕುಳಿತು, ನಿಂತ ಕಾರಿನಲ್ಲಿಯೇ ಗೇರನ್ನು ಹಿಂದುಮುಂದಾಗಿ ಟಕ್ಕೆನ್ನಿಸುತ್ತ, ಹಳೆಯ ಕಾಲದ ಸರಳತೆ, ಹಗುರತೆ, ಚಾಲಕನಿಗೂ ವಾಹನಕ್ಕೂ ಇದ್ದ ಆತ್ಮೀಯತೆ ಇತ್ಯಾದಿಯಾಗಿ ನಾನು ಉಪನ್ಯಾಸವನ್ನಾರಂಭಿಸಿದೆನು. ಪಕ್ಕದಲ್ಲಿ ಬಂದು ಕುಳಿತ ಪತ್ನಿಯು ಸಾವಧಾನದಿಂದ ಕೇಳಿ, ಸ್ಟಿಯರಿಂಗನ್ನು ನೋಡಿ, ತನ್ನ ಮುಂದಿನ ಹಲಗೆಯನ್ನು ನೋಡಿ, "ಏರ್‌ಬ್ಯಾಗು ನಿಮ್ಮ ಕಡೆ ಇದೆ. ನನ್ನ ಕಡೆ ಎಲ್ಲಿ?" ಎಂದು ಕೇಳಿದಳು.

ಇರಲಿಲ್ಲ. ಈ ದೇಶದಲ್ಲಿ ಮಾರಿದ ಮೊದಲ ವರ್ಷಗಳ ಮಿಯಾಟಾಗಳಲ್ಲಿ ಏರ್‌ಬ್ಯಾಗು ಚಾಲಕನಿಗೆ ಮಾತ್ರ. ಪಕ್ಕದಲ್ಲಿ ಕುಳಿತವರಿಗೆ ಅದು ಬಂದದ್ದು 1994ರಲ್ಲಿ, ಎಂಜಿನ್ನು 1.8 ಲೀಟರಿಗೆ ಬೆಳೆದಾಗ. ಇದನ್ನು ನಾನು ಓದಿದ್ದೆನು. ಎಡಗಡೆಯ ಪಟ್ಟಿಯಲ್ಲಾಗಲಿ ಬಲಗಡೆಯ ಪಟ್ಟಿಯಲ್ಲಾಗಲಿ ಬರೆದಿರಲಿಲ್ಲ, ಅಷ್ಟೆ.

ನನ್ನ ತಂದೆಯವರು ತಮ್ಮ ಸ್ಕೂಟರಿನ ಗುಣಗಾನವನ್ನು ಈಗಲೂ ಮಾಡುವರು. ನಾನು ಮುಂದೆ ನಿಂತು, ತಾಯಿಯು ಹಿಂದೆ ಒಂದೇ ಪಕ್ಕಕ್ಕೆ ಕಾಲಿಳಿಬಿಟ್ಟು, ತಂಗಿಯನ್ನು ತೊಡೆಯ ಮೇಲಿಟ್ಟುಕೊಂಡು, ಸೆರಗನ್ನು ಹಲ್ಲಿನಲ್ಲಿ ಕಚ್ಚಿ, ಒಂದು ಕೈಯಿಂದ ಸ್ಟೆಪ್ನಿಯನ್ನು ಹಿಡಿದು ಕುಳಿತಿರಲು, ಚಾಮುಂಡಿಬೆಟ್ಟದ ತಿರುವುಗಳನ್ನು ಅದು ಎಷ್ಟು ಲೀಲೆಯಿಂದ ಏರುತ್ತಿದ್ದಿತೆಂಬುದನ್ನು ಅವರ ಬಾಯಿಂದಲೇ ಕೇಳಬೇಕು. ಆ ದಿನಗಳ ವಿಷಯವಾಗಿ ತಾಯಿಯನ್ನು ನಾನು ಒಮ್ಮೆ ಕೇಳಿದ್ದೆನು. "ನನಗೇನು ನೆನಪಿದೆಯಪ್ಪಾ, ಯಾವಾಗ ಇಳಿದೇನೋ ಅಂತ ಕಣ್ಣು ಮುಚ್ಚಿಕೊಂಡಿರುತ್ತಿದ್ದೆ" ಎಂದಿದ್ದರು. ಹಳೆಯ ಕಾಲದ ಸೊಗಸನ್ನು ನಾನು ಇದುವರೆಗೆ ಕೇಳಿದುದೆಲ್ಲ ಚಾಲಕರ ಬಾಯಿಂದಲೇ ಎಂಬುದು ಆ ಕೆಂಪು ಕಾರಿನಲ್ಲಿ ಕುಳಿತಾಗ ನನಗೆ ಹೊಳೆಯಿತು, ಹೊಳೆದುದು ಹಿತವಾಗಿರಲಿಲ್ಲ. ನಮ್ಮ ಸರಳತೆಗೆ ಬೇರೊಬ್ಬರು ಜೀವವನ್ನು ಜಾಮೀನಿಟ್ಟಿರುವರೆಂಬುದು ನಮಗೆ ಹೇಗೋ ಲೆಕ್ಕಕ್ಕೆ ಬರುವುದಿಲ್ಲ.

ಆದುದರಿಂದ ಹೊಸದನ್ನೇ ಕೊಂಡೆವು. ಕೊಳ್ಳುವುದರಲ್ಲಿ ಹೇಳತಕ್ಕದ್ದೇನೂ ಇಲ್ಲ; ಅಂಗಡಿಯವರು ನಕ್ಕರು, ಕಾಗದಗಳು ಬಂದುವು, ನಾನು ರುಜು ಹಾಕಿದೆನು. ಕೈಯಿಂದ ಗೇರು ಹಾಕುವ ಬಗೆಯದೇ ಬೇಕೆಂಬ ನನ್ನ ಹಟವನ್ನು ಮಾತ್ರ ಬಿಡಲಿಲ್ಲ. ಇದರಲ್ಲಿ ಸ್ಟೆಪ್ನಿ ಇಲ್ಲ. ಆ ಕಾರಣದಿಂದ ಡಿಕ್ಕಿಯಲ್ಲಿ ಸೋನಾ ಮಸೂರಿಯ ಮೂಟೆಯೊಂದು, ಅದರ ಮೇಲೆ ತರಕಾರಿಯ ಚೀಲವೊಂದು, ಸುಖವಾಗಿ ಕೂರುತ್ತವೆ. ಮುಂದಿನ ಹಲಗೆಯಲ್ಲಿ ಸಾಮಾನಿಡುವ ಗೂಡಿಲ್ಲ. ಕಾಫಿಯ ಲೋಟವನ್ನಿಡುವ ಬಳೆಯು ಮೊಣಕೈಯ ಹಿಂದೆ, ಮನುಷ್ಯನ ತೋಳು ಸಹಜವಾಗಿ ತಲುಪಲಾರದ ಸ್ಥಳದಲ್ಲಿದೆ. ಕಾಫಿ ಕುಡಿಯದವರು ಮಾಡಿದ ಕಾರೆಂದು ತೋರುತ್ತದೆ.

ಇನ್ನೊಂದು ಅಂಶವನ್ನು ಹೇಳುವುದು ಉಳಿದಿದೆ. ನಾನು ಕಾರು ಓಡಿಸಲು ಕಲಿತುದು ಈ ದೇಶಕ್ಕೆ ಬಂದ ಮೇಲೆ, ಗೇರಿನ ಗೊಡವೆಯಿಲ್ಲದ ಆಟೊಮ್ಯಾಟಿಕ್ ಕಾರಿನಲ್ಲಿ. ನನ್ನ ಪತ್ನಿಯು ಕಲಿತುದು ಮೈಸೂರಿನಲ್ಲಿ, ಮಾರುತಿ 800ರಲ್ಲಿ, ದೇವರಾಜ ಅರಸು ರಸ್ತೆಯ ಸಂಜೆಯ ಜನಸಂದಣಿಯ ನಡುವೆ. ಅಂಗಡಿಯಿಂದ ಕಾರನ್ನು ಮನೆಗೆ ತಂದವಳೂ ಅವಳೇ. ಅಂದಿನಿಂದ ಓಡಿಸುತ್ತಿರುವವಳೂ ಅವಳೇ. ಭಾನುವಾರ ಬೆಳಗ್ಗೆ ಸ್ಕೈಲೈನ್ ಬುಲೆವಾರ್ಡಿನ ರೆಡ್‌ವುಡ್ ಮರಗಳ ಕೆಳಗೆ, ತಿರುವು ತಿರುವಿಗೂ ಮೂರರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಆಕೆ ಟಕ್ಕೆಂದು ಗೇರು ಬದಲಾಯಿಸುವಳು. ನಾನು, ಯಾವ ಏರ್‌ಬ್ಯಾಗಿಗಾಗಿ ಹಳೆಯ ಕಾರನ್ನು ತ್ಯಾಗಮಾಡಿದೆನೋ ಅದರ ಎದುರಿಗೇ, ಎರಡೂ ಕೈಗಳಲ್ಲಿ ಇಬ್ಬರ ಕಾಫಿಯನ್ನೂ ಹಿಡಿದು ಕುಳಿತಿರುವೆನು. ಗೇರಿನ ಶಾಸ್ತ್ರದ ವಿಷಯವಾಗಿ ನಾನೇನಾದರೂ ವಿವರಿಸಲು ಬಾಯ್ದೆರೆದರೆ, ಟಾಪು ತೆರೆದಿರುವುದರಿಂದ ಗಾಳಿಯಲ್ಲಿ ತನಗೇನೂ ಕೇಳಿಸುತ್ತಿಲ್ಲವೆಂದು ಆಕೆ ಹೇಳುವಳು. ಟಾಪು ಮುಚ್ಚಿದಾಗಲೂ ಕೇಳಿಸುವುದಿಲ್ಲವೆಂಬುದು ನನ್ನ ಅನುಭವ.